ಕಪ್ಪು ಅಮೆರಿಕದ ಬಾನುಲಿ, ನಮ್ಮ ಹಬ್ಸಿಕೋಟ

ಪ್ರತಿ ವರ್ಷ ಫೆಬ್ರವರಿಯಲ್ಲಿ ಅಮೆರಿಕದ ಸಾರ್ವಜನಿಕ ದೂರದರ್ಶನ ಜಾಲವಾದ ಪಿಬಿಎಸ್, ಅಲ್ಲಿನ ಸಾರ್ವಜನಿಕ ರೇಡಿಯೊ ಎನ್‌ಪಿಆರ್ ಮತ್ತು ಅವುಗಳ ಜೊತೆಗಿರುವ ಊರೂರಿನ ಕೇಂದ್ರಗಳು ಕಪ್ಪು ಜನರ ಇತಿಹಾಸ, ಸಂಗೀತ, ಧರ್ಮ, ಹೋರಾಟಗಳ ಕುರಿತ ಕಾರ್ಯಕ್ರಮಗಳನ್ನು ಸಾಲುಸಾಲಾಗಿ ಬಿತ್ತರಿಸುತ್ತವೆ. ಬೀದರಿನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವ ನಾನು ಈ ಕಾರ್ಯಕ್ರಮಗಳಲ್ಲಿ ಅಂತರ್ಜಾಲದಲ್ಲಿ ಸಿಗುವಷ್ಟನ್ನು ಹಲವು ವರ್ಷಗಳಿಂದ ನೋಡುತ್ತ, ಕೇಳುತ್ತ ಬಂದಿದ್ದೇನೆ. ಅವುಗಳ ಹಿಂದಿನ ಕಥೆಯನ್ನು ಓದಿಕೊಂಡಷ್ಟೂ ಎರಡು ಪ್ರಶ್ನೆಗಳು ನನಗೆ ಮುಖ್ಯವೆನಿಸುತ್ತ ಹೋದವು. ಒಂದು ಸಮುದಾಯದ ಬಗ್ಗೆ ಕಾರ್ಯಕ್ರಮ ಮಾಡುವಾಗ ನಿರ್ಮಾಪಕರ ಕುರ್ಚಿಯಲ್ಲಿ ಯಾರು ಕೂತಿರುತ್ತಾರೆ, ಮತ್ತು ಬಿತ್ತರವಾದ ಮೇಲೆ ಆ ಟೇಪು ಎಲ್ಲಿಗೆ ಹೋಗುತ್ತದೆ. ಕಲಬುರಗಿ, ಬೀದರ್, ಯಾದಗಿರಿಯವರಾದ ನಾವು ಈ ಪ್ರಶ್ನೆಗಳನ್ನು ನಮ್ಮ ಆಕಾಶವಾಣಿಗೂ ಕೇಳಬೇಕಾಗಿದೆ ಎಂಬ ಕಾರಣಕ್ಕೆ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಫೆಬ್ರವರಿಯೇ ಏಕೆಂಬುದನ್ನು ಮೊದಲು ಹೇಳುತ್ತೇನೆ. ಗುಲಾಮರಾಗಿದ್ದ ತಂದೆತಾಯಿಗಳಿಗೆ 1875ರಲ್ಲಿ ಹುಟ್ಟಿ, ಕಲ್ಲಿದ್ದಲ ಗಣಿಯಲ್ಲಿ ದುಡಿದು, 1912ರಲ್ಲಿ ಹಾರ್ವರ್ಡಿನಿಂದ ಡಾಕ್ಟರೇಟ್ ಪಡೆದ ಕಾರ್ಟರ್ ಜಿ. ವುಡ್ಸನ್ ಎಂಬ ಇತಿಹಾಸಕಾರರು 1926ರಲ್ಲಿ ಕಪ್ಪು ಜನರ ಇತಿಹಾಸಕ್ಕಾಗಿ ಒಂದು ವಾರವನ್ನು ಮೀಸಲಿಟ್ಟರು. ಅಬ್ರಹಾಂ ಲಿಂಕನ್ನರ ಜನ್ಮದಿನ ಫೆಬ್ರವರಿ 12. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಮಹಾನ್ ವಾಗ್ಮಿಯಾದ ಫ್ರೆಡರಿಕ್ ಡಗ್ಲಸ್‌ರ ಜನ್ಮದಿನವನ್ನು ಆಚರಿಸುತ್ತಿದ್ದುದು ಫೆಬ್ರವರಿ 14ರಂದು. ಈ ಎರಡೂ ದಿನಗಳನ್ನು ಕಪ್ಪು ಜನರು ಆಗಲೇ ಆಚರಿಸುತ್ತಿದ್ದುದರಿಂದ ವುಡ್ಸನ್ ಆ ವಾರವನ್ನೇ ಆರಿಸಿಕೊಂಡರು. ಐವತ್ತು ವರ್ಷಗಳ ನಂತರ, 1976ರಲ್ಲಿ, ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಇಡೀ ತಿಂಗಳ ಆಚರಣೆಗೆ ಸರ್ಕಾರದ ಮನ್ನಣೆ ನೀಡಿದರು.

ಸಾರ್ವಜನಿಕ ಪ್ರಸಾರ ಎಂಬ ವ್ಯವಸ್ಥೆ ರೂಪುಗೊಳ್ಳುವುದಕ್ಕಿಂತ ಮೊದಲೇ ಕಪ್ಪು ಜನರು ರೇಡಿಯೊದಲ್ಲಿ ತಮ್ಮ ಜಾಗವನ್ನು ಮಾಡಿಕೊಳ್ಳತೊಡಗಿದ್ದರು. ಮೆಂಫಿಸ್ ನಗರದ ಡಬ್ಲ್ಯುಡಿಐಎ ಕೇಂದ್ರದ ಮಾಲೀಕರು ಬಿಳಿಯರು. ನಷ್ಟದಲ್ಲಿದ್ದ ಆ ಕೇಂದ್ರ 1948ರಲ್ಲಿ ನ್ಯಾಟ್ ಡಿ. ವಿಲಿಯಮ್ಸ್ ಎಂಬ ಕಪ್ಪು ಶಿಕ್ಷಕ ಮತ್ತು ಪತ್ರಕರ್ತರನ್ನು ನಿರೂಪಕರನ್ನಾಗಿ ಕರೆತಂದಿತು. ಸ್ವಲ್ಪ ಕಾಲದಲ್ಲೇ ದಿನವಿಡೀ ಕಪ್ಪು ಶ್ರೋತೃಗಳಿಗಾಗಿಯೇ ಬಿತ್ತರಿಸುವ ಅಮೆರಿಕದ ಮೊದಲ ಕೇಂದ್ರವಾಯಿತು. ಮುಂದೆ ಲೋಕಪ್ರಸಿದ್ಧ ಗಾಯಕರಾದ ಬಿ.ಬಿ. ಕಿಂಗ್ ಅಲ್ಲಿ ನಿರೂಪಕರಾಗಿದ್ದವರು. 1949ರಲ್ಲಿ ಅಟ್ಲಾಂಟಾದ ಜೆಸ್ಸಿ ಬ್ಲೇಟನ್ ಎಂಬ ಕಪ್ಪು ಲೆಕ್ಕಪರಿಶೋಧಕರು ಡಬ್ಲ್ಯುಇಆರ್‌ಡಿ ಕೇಂದ್ರವನ್ನು ಕೊಂಡುಕೊಂಡಾಗ ಮಾಲೀಕತ್ವವೂ ಮೊದಲ ಬಾರಿಗೆ ಕಪ್ಪು ಜನರ ಕೈಗೆ ಬಂತು. ಅದೇ ಕಾಲದಲ್ಲಿ, 1948ರಿಂದ 1950ರವರೆಗೆ, ಷಿಕಾಗೊದಲ್ಲಿ ರಿಚರ್ಡ್ ಡರ್ಹಮ್ ಎಂಬ ಬರಹಗಾರರು ವಾರಕ್ಕೊಂದು ಅರ್ಧ ಗಂಟೆಯ ನಾಟಕ ಬರೆದು ಡಗ್ಲಸ್, ಗುಲಾಮರನ್ನು ಬಿಡಿಸಿ ಕರೆತಂದ ಹ್ಯಾರಿಯೆಟ್ ಟಬ್‌ಮನ್‌ರಂಥವರ ಬದುಕನ್ನು ‘ಡೆಸ್ಟಿನೇಷನ್ ಫ್ರೀಡಮ್’ ಹೆಸರಿನಲ್ಲಿ ಕೇಳಿಸಿದರು. ರೇಡಿಯೊದಲ್ಲಿ ಕಪ್ಪು ಪಾತ್ರವೆಂದರೆ ನಗೆಪಾಟಲಿನ ಪಾತ್ರವೆಂದೇ ನಡೆದುಕೊಂಡು ಬಂದಿದ್ದ ಕಾಲದಲ್ಲಿ ಇದು ಎಂಥ ಧೈರ್ಯದ ಕೆಲಸವೆಂದು ಊಹಿಸಿಕೊಳ್ಳಬಹುದು.

ನಿಜವಾದ ತಿರುವು ಬಂದದ್ದು 1967 ಮತ್ತು 1968ರಲ್ಲಿ. 1967ರ ನವೆಂಬರಿನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಸಾರ್ವಜನಿಕ ಪ್ರಸಾರ ಕಾಯ್ದೆಗೆ ಸಹಿ ಹಾಕಿದರು. ಜಾಹೀರಾತಿನ ಹಂಗಿಲ್ಲದೆ ನಡೆಯುವ ಕೇಂದ್ರಗಳಿಗೆ ಸರ್ಕಾರದ ಹಣ ತಲುಪಿಸಲು ಸಾರ್ವಜನಿಕ ಪ್ರಸಾರ ನಿಗಮವೊಂದು ಹುಟ್ಟಿತು. 1970ರ ಹೊತ್ತಿಗೆ ಪಿಬಿಎಸ್ ಮತ್ತು ಎನ್‌ಪಿಆರ್ ಎರಡೂ ಅಸ್ತಿತ್ವಕ್ಕೆ ಬಂದವು. ಇದರ ನಡುವೆಯೇ, ನ್ಯೂಆರ್ಕ್ ಮತ್ತು ಡೆಟ್ರಾಯಿಟ್ ನಗರಗಳು ಹೊತ್ತಿ ಉರಿದ ಮೇಲೆ ನೇಮಕವಾದ ಕರ್ನರ್ ಆಯೋಗವು 1968ರ ವರದಿಯಲ್ಲಿ ಒಂದು ಇಡೀ ಅಧ್ಯಾಯವನ್ನು ಮಾಧ್ಯಮಗಳಿಗೆ ಮೀಸಲಿಟ್ಟಿತು. ಪತ್ರಿಕೆಗಳೂ ದೂರದರ್ಶನವೂ ಬಿಳಿಯರ ಕಣ್ಣಿನಿಂದ, ಬಿಳಿಯರಿಗಾಗಿಯೇ ದೇಶವನ್ನು ತೋರಿಸುತ್ತ ಬಂದಿವೆ, ಕಪ್ಪು ಪತ್ರಕರ್ತರನ್ನು ನೇಮಿಸಿಕೊಳ್ಳುವುದರಲ್ಲಿ ನಾಚಿಕೆಗೇಡಿನಷ್ಟು ಹಿಂದಿವೆ ಎಂದು ಅದು ನೇರವಾಗಿ ದೂಷಿಸಿತು.

ವರದಿ ಹೊರಬಿದ್ದು ಕೆಲವೇ ವಾರಗಳಾಗಿದ್ದಾಗ, ಏಪ್ರಿಲ್ 4ರಂದು, ಮಾರ್ಟಿನ್ ಲೂಥರ್ ಕಿಂಗ್‌ರನ್ನು ಮೆಂಫಿಸ್‌ನಲ್ಲಿ ಗುಂಡಿಕ್ಕಿ ಕೊಂದರು. ಮರುದಿನ ರಾತ್ರಿ ಬಾಸ್ಟನ್ನಿನಲ್ಲಿ ಹೆಸರಾಂತ ಕಪ್ಪು ಗಾಯಕ ಜೇಮ್ಸ್ ಬ್ರೌನ್‌ರ ಸಂಗೀತ ಕಾರ್ಯಕ್ರಮ ಮೊದಲೇ ಗೊತ್ತಾಗಿತ್ತು. ಕಾರ್ಯಕ್ರಮ ನಡೆದರೆ ಗಲಭೆಯಾದೀತು, ರದ್ದು ಮಾಡಿದರೆ ಅದಕ್ಕಿಂತ ದೊಡ್ಡ ಗಲಭೆಯಾದೀತು ಎಂಬ ಇಕ್ಕಟ್ಟಿನಲ್ಲಿ ನಗರದ ಕಪ್ಪು ಕೌನ್ಸಿಲರ್ ಟಾಮ್ ಅಟ್ಕಿನ್ಸ್ ಮತ್ತು ಮೇಯರ್ ಕೆವಿನ್ ವೈಟ್ ಮಾತಾಡಿಕೊಂಡು, ಅದನ್ನು ಸಾರ್ವಜನಿಕ ಕೇಂದ್ರವಾದ ಡಬ್ಲ್ಯುಜಿಬಿಎಚ್ ನೇರಪ್ರಸಾರ ಮಾಡುವಂತೆ ಏರ್ಪಾಡು ಮಾಡಿಸಿದರು. ಜನ ಮನೆಯಲ್ಲೇ ಕೂತು ನೋಡಿದರು. ಸಭಾಂಗಣದಲ್ಲಿ ಹುಡುಗರು ವೇದಿಕೆ ಏರತೊಡಗಿ ಪೊಲೀಸರು ಅವರನ್ನು ನೂಕಲು ಮುಂದಾದಾಗ ಬ್ರೌನ್ ಪೊಲೀಸರನ್ನು ಹಿಂದೆ ಸರಿಯಲು ಹೇಳಿ, ಹುಡುಗರ ಜೊತೆ ತಾವೇ ಮಾತಾಡಿ ಸಮಾಧಾನಪಡಿಸಿದರು. ಅನೇಕ ನಗರಗಳು ಉರಿಯುತ್ತಿದ್ದ ಆ ರಾತ್ರಿ ಬಾಸ್ಟನ್ ಬಹುಮಟ್ಟಿಗೆ ಶಾಂತವಾಗಿತ್ತು. ಸಾರ್ವಜನಿಕ ದೂರದರ್ಶನದಿಂದ ಏನು ಪ್ರಯೋಜನವೆಂದು ವಿದ್ಯಾರ್ಥಿಗಳು ಕೇಳಿದರೆ ನಾನು ಮೊದಲು ಹೇಳುವುದು ಈ ಒಂದು ರಾತ್ರಿಯ ಸಂಗತಿಯನ್ನು.

ಆ ವರ್ಷದ ಬೇಸಿಗೆಯಲ್ಲಿ ಕಪ್ಪು ಜನರ ಕಾರ್ಯಕ್ರಮಗಳು ಒಂದರ ಹಿಂದೊಂದು ಶುರುವಾದವು. ಅವುಗಳಲ್ಲಿ ನನ್ನ ವಾದಕ್ಕೆ ಎಲ್ಲಕ್ಕಿಂತ ಹತ್ತಿರವಾದದ್ದು ಜೂನ್ ತಿಂಗಳಲ್ಲಿ ಆರಂಭವಾದ ‘ಬ್ಲ್ಯಾಕ್ ಜರ್ನಲ್’. ಕಪ್ಪು ಜನರದು, ಕಪ್ಪು ಜನರಿಂದ, ಕಪ್ಪು ಜನರಿಗಾಗಿ ಎಂದು ಪ್ರಚಾರ ಮಾಡಿದ್ದ ಈ ಮಾಸಿಕ ಕಾರ್ಯಕ್ರಮದ ಮುಖ್ಯ ನಿರ್ಮಾಪಕರು ಮಾತ್ರ ಬಿಳಿಯರಾಗಿದ್ದರು. ಪರದೆಯ ಮೇಲೆ ಕಪ್ಪು ಮುಖ ಕಂಡರೆ ಸಾಲದು, ಯಾವ ಕಥೆ ಹೇಳಬೇಕು, ಯಾವುದನ್ನು ಕತ್ತರಿಸಬೇಕು ಎಂಬ ತೀರ್ಮಾನವೂ ತಮ್ಮದಾಗಬೇಕು ಎಂದು ಕಪ್ಪು ಸಿಬ್ಬಂದಿ ಆಗಸ್ಟಿನಲ್ಲಿ ಕೆಲಸ ಬಿಟ್ಟು ಹೊರನಡೆದರು. ಆಡಳಿತ ಮಣಿಯಿತು. ಕಾರ್ಯಕ್ರಮದ ನಿರೂಪಕರಲ್ಲಿ ಒಬ್ಬರಾಗಿದ್ದ ಚಿತ್ರನಿರ್ದೇಶಕ ವಿಲಿಯಂ ಗ್ರೀವ್ಸ್ ಮುಖ್ಯ ನಿರ್ಮಾಪಕರಾದರು, ಕಾರ್ಯಕ್ರಮಕ್ಕೆ ಮುಂದೆ ಅಮೆರಿಕದ ದೂರದರ್ಶನ ಲೋಕದ ಎಮ್ಮಿ ಪ್ರಶಸ್ತಿಯೂ ಬಂತು. ಹೊಸ ಕಾರ್ಯಕ್ರಮವೊಂದು ತೆರೆಗೆ ಬಂದು ಮೂರು ತಿಂಗಳು ತುಂಬುವ ಮೊದಲೇ, ತಮ್ಮ ನೌಕರಿಯನ್ನು ಪಣಕ್ಕಿಟ್ಟು ಈ ಪ್ರಶ್ನೆ ಎತ್ತಿದವರ ಬಗ್ಗೆ ನನಗಿರುವ ಗೌರವ ಸಣ್ಣದಲ್ಲ.

ಬಾಸ್ಟನ್ನಿನ ‘ಸೇ ಬ್ರದರ್’ 1968ರಲ್ಲೇ ಶುರುವಾಗಿ, 1970ರಲ್ಲಿ ನ್ಯೂ ಬೆಡ್‌ಫರ್ಡ್ ಪಟ್ಟಣದ ಗಲಭೆಗಳ ಕುರಿತ ಕಂತಿನ ನಂತರ ನಿಂತುಹೋಯಿತು; ಸ್ಥಳೀಯ ಕಪ್ಪು ಸಮುದಾಯ ಪ್ರತಿಭಟಿಸಿ ಅದನ್ನು ಮರಳಿ ಪಡೆಯಿತು. ನ್ಯೂಯಾರ್ಕಿನಲ್ಲಿ ಎಲಿಸ್ ಹೇಜ್ಲಿಪ್ ‘ಸೋಲ್!’ ಎಂಬ ಕಾರ್ಯಕ್ರಮವನ್ನು 1968ರಿಂದ 1973ರವರೆಗೆ ನಡೆಸಿ, ಸಂಗೀತಗಾರರನ್ನೂ ಕವಿಗಳನ್ನೂ ಹೋರಾಟಗಾರರನ್ನೂ ಒಂದೇ ವೇದಿಕೆಗೆ ಕರೆತಂದರು. ಲೇಖಕ ಜೇಮ್ಸ್ ಬಾಲ್ಡ್‌ವಿನ್ ಮತ್ತು ಯುವ ಕವಯಿತ್ರಿ ನಿಕಿ ಜೊವಾನಿ 1971ರಲ್ಲಿ ಲಂಡನ್ನಿನಲ್ಲಿ ಎದುರುಬದುರು ಕೂತು ನಡೆಸಿದ ದೀರ್ಘ ಮಾತುಕತೆ ಬಿತ್ತರವಾದದ್ದು ಇದರಲ್ಲೇ. ಗಂಡಸರು ಹೊರಗಿನ ಅವಮಾನವನ್ನು ಮನೆಗೆ ಹೊತ್ತು ತಂದು ಹೆಂಗಸರ ಮೇಲೆ ತೀರಿಸಿಕೊಳ್ಳುವುದರ ಬಗ್ಗೆ ಜೊವಾನಿ ಆ ಹಿರಿಯರನ್ನು ಬಿಡದೆ ಪ್ರಶ್ನಿಸುವುದನ್ನು ನೋಡಬೇಕು. ತನ್ನ ಜನರ ಹೊಗಳಿಕೆಯಷ್ಟೇ ಅಲ್ಲದೆ ತನ್ನ ಜನರೊಳಗಿನ ಜಗಳವೂ ಸಾರ್ವಜನಿಕವಾಗಿ, ಮರ್ಯಾದೆಯಿಂದ ನಡೆಯಬಹುದೆಂಬುದನ್ನು ತೋರಿಸಿದ ಕಾರ್ಯಕ್ರಮವದು. ಜಾಹೀರಾತುದಾರರನ್ನು ಮೆಚ್ಚಿಸಬೇಕಾದ ವಾಹಿನಿಯಲ್ಲಿ ಅಂಥ ಮಾತಿಗೆ ಅಷ್ಟು ಹೊತ್ತು ಸಿಗುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಟೇಪಿನ ಪ್ರಶ್ನೆಗೆ ಬರುತ್ತೇನೆ. ಹದಿಹರೆಯದಲ್ಲಿ ಪೋಲಿಯೊ ತಗುಲಿ ಕಾಲಿನ ಬಲ ಕಳೆದುಕೊಂಡಿದ್ದ ಹೆನ್ರಿ ಹ್ಯಾಂಪ್ಟನ್ ಕಪ್ಪು ಜನರ ಮತದಾನದ ಹಕ್ಕಿಗಾಗಿ 1965ರಲ್ಲಿ ನಡೆದ ಸೆಲ್ಮಾದ ಮೆರವಣಿಗೆಯಲ್ಲಿ ನಡೆದವರು. ಈ ಹೋರಾಟದ ಚರಿತ್ರೆಯನ್ನು ಚಿತ್ರವಾಗಿಸಬೇಕೆಂಬ ಆಲೋಚನೆ ಅವರಲ್ಲಿ ಅಲ್ಲಿಯೇ ಮೊಳೆಯಿತು. ಅದು ‘ಐಸ್ ಆನ್ ದ ಪ್ರೈಜ್’ ಎಂಬ ಸಾಕ್ಷ್ಯಚಿತ್ರ ಸರಣಿಯಾಗಿ ಪಿಬಿಎಸ್‌ನಲ್ಲಿ ಬಂದದ್ದು 1987ರಲ್ಲಿ. ಮೊದಲ ಭಾಗದಲ್ಲಿ ಆರು ಕಂತುಗಳು, 1990ರ ಎರಡನೆಯ ಭಾಗದಲ್ಲಿ ಎಂಟು. ನಿರ್ಮಾಣ ತಂಡಗಳಲ್ಲಿ ಕಪ್ಪು ಮತ್ತು ಬಿಳಿಯ ನಿರ್ಮಾಪಕರು ಜೋಡಿಯಾಗಿ ಕೆಲಸ ಮಾಡಬೇಕೆಂದು ಹ್ಯಾಂಪ್ಟನ್ ಕಟ್ಟಳೆ ಮಾಡಿದ್ದರು. ತೆರೆಯ ಮೇಲೆ ಪಂಡಿತರು ಬಂದು ವಿವರಿಸುವುದಿಲ್ಲ. ಬಸ್ಸಿನಲ್ಲಿ ಕೂತವರು, ಜೈಲಿಗೆ ಹೋದವರು, ಆ ದಿನಗಳಲ್ಲಿ ಅಧಿಕಾರದಲ್ಲಿದ್ದವರು ತಾವು ಕಂಡದ್ದನ್ನು ತಾವೇ ಹೇಳುತ್ತಾರೆ. ಅಧ್ಯಾಪಕಿಯಾಗಿ ನನಗೆ ಈ ಕ್ರಮ ಬಹಳ ದೊಡ್ಡ ಪಾಠವಾಯಿತು.

ಇಂಥ ಸರಣಿಯೂ ಒಂದು ಕಾಲಕ್ಕೆ ಮಾಯವಾಗಿತ್ತು. ಹಣದ ಕೊರತೆಯಿಂದಾಗಿ ಹಳೆಯ ಸುದ್ದಿಚಿತ್ರ, ಛಾಯಾಚಿತ್ರ, ಹಾಡುಗಳ ಬಳಕೆಯ ಹಕ್ಕುಗಳನ್ನು ಕೆಲವು ವರ್ಷಗಳ ಮಟ್ಟಿಗೆ ಮಾತ್ರ ಕೊಂಡಿದ್ದರು. 1990ರ ದಶಕದ ನಡುವೆ ಆ ಅವಧಿ ಮುಗಿಯುತ್ತಿದ್ದಂತೆ ಅದನ್ನು ಮತ್ತೆ ಬಿತ್ತರಿಸುವಂತಿಲ್ಲ, ಹೊಸ ಪ್ರತಿ ಮಾರುವಂತಿಲ್ಲ ಎಂದಾಯಿತು. ಹ್ಯಾಂಪ್ಟನ್ 1998ರಲ್ಲಿ ತೀರಿಕೊಂಡರು. ಫೋರ್ಡ್ ಪ್ರತಿಷ್ಠಾನ ಮತ್ತಿತರರ ಹಣದಿಂದ ಹಕ್ಕುಗಳನ್ನು ಮತ್ತೆ ಕೊಂಡು, 2006ರಲ್ಲಿ ಮೊದಲ ಭಾಗ ಪಿಬಿಎಸ್‌ಗೆ ಮರಳುವ ಹೊತ್ತಿಗೆ ಒಂದು ತಲೆಮಾರಿನ ಶಾಲಾಮಕ್ಕಳು ಅದನ್ನು ನೋಡದೆಯೇ ಬೆಳೆದಿದ್ದರು. ಚರಿತ್ರೆಯನ್ನು ಚಿತ್ರಿಸಿದರೆ ಕೆಲಸ ಮುಗಿಯಲಿಲ್ಲ. ಅದನ್ನು ಕಾಪಿಡುವ ಖರ್ಚು, ಕಾಗದಪತ್ರ, ಕಾನೂನು ಎಲ್ಲವೂ ಅದರ ಜೊತೆಗೇ ಬರುತ್ತವೆ. ಈಗ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಮತ್ತು ಬಾಸ್ಟನ್ನಿನ ಅದೇ ಡಬ್ಲ್ಯುಜಿಬಿಎಚ್ ಕೇಂದ್ರ ಸೇರಿ ಸಾರ್ವಜನಿಕ ಪ್ರಸಾರದ ಭಂಡಾರವೊಂದನ್ನು ನಡೆಸುತ್ತಿವೆ. ‘ಬ್ಲ್ಯಾಕ್ ಜರ್ನಲ್’ನ ಹಲವು ಕಂತುಗಳನ್ನು ಬೀದರಿನಲ್ಲಿ ಕೂತ ನಾನು ನೋಡಲು ಸಾಧ್ಯವಾದದ್ದು ಆ ಭಂಡಾರದಿಂದಲೇ.

ರೇಡಿಯೊದಲ್ಲಿ ನನ್ನ ಮನಸ್ಸಿಗೆ ಬಹಳ ಹತ್ತಿರವಾದದ್ದು ಬರ್ನೀಸ್ ಜಾನ್ಸನ್ ರೀಗನ್‌ರ ಕೆಲಸ. ಜಾರ್ಜಿಯಾ ರಾಜ್ಯದ ಆಲ್ಬನಿಯಲ್ಲಿ ನಡೆದ ಕಪ್ಪು ಜನರ ನಾಗರಿಕ ಹಕ್ಕುಗಳ ಚಳವಳಿಯಲ್ಲಿ ಹಾಡುತ್ತ ಜೈಲಿಗೆ ಹೋಗಿದ್ದ ಈ ಗಾಯಕಿ ಮುಂದೆ ಇತಿಹಾಸಕಾರ್ತಿಯಾಗಿ, ಎನ್‌ಪಿಆರ್ ಮತ್ತು ಸ್ಮಿತ್‌ಸೋನಿಯನ್ ಸಂಸ್ಥೆಗಾಗಿ 1994ರಲ್ಲಿ ‘ವೇಡ್ ಇನ್ ದ ವಾಟರ್’ ಎಂಬ 26 ಕಂತುಗಳ ಸರಣಿಯನ್ನು ರೂಪಿಸಿದರು. ಗುಲಾಮರ ಕಾಲದ ಭಕ್ತಿಗೀತೆಗಳಿಂದ ಹಿಡಿದು ಚರ್ಚಿನ ಗಾಯನವೃಂದಗಳವರೆಗೆ ಕಪ್ಪು ಜನರ ಧಾರ್ಮಿಕ ಸಂಗೀತವೆಲ್ಲ ಅದರಲ್ಲಿದೆ. ಒಬ್ಬರು ಸಾಲೊಂದನ್ನು ಎತ್ತಿಕೊಡುವುದು, ಉಳಿದವರೆಲ್ಲ ಅದನ್ನು ಹಿಡಿದು ಮುಂದಕ್ಕೆ ಒಯ್ಯುವುದು, ಹಾಡುವವರೆಷ್ಟು ಜನ ಕೇಳುವವರೆಷ್ಟು ಜನ ಎಂಬ ಗೆರೆಯೇ ಇಲ್ಲವಾಗುವುದು, ಇವೆಲ್ಲ ನನ್ನ ಕಿವಿಗೆ ಹೊಸದೆನಿಸಲಿಲ್ಲ. ನಮ್ಮ ಊರುಗಳಲ್ಲಿ ಅಮಾವಾಸ್ಯೆಯ ರಾತ್ರಿ ಮಠದಲ್ಲಿ ಏಕತಾರಿ ಹಿಡಿದು ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುವವರನ್ನೂ, ಅಲಾಯಿ ಕುಣಿಯ ಸುತ್ತ ಮೊಹರಂ ಪದ ಹೇಳುವ ಎಲ್ಲ ಜಾತಿಯ ಗಂಡಸರನ್ನೂ ಕೇಳುತ್ತ ಬೆಳೆದವಳು ನಾನು. ಹಾಡಿಕೊಂಡು ಬಂದ ಕುಟುಂಬಗಳಿಂದಲೇ ಒಬ್ಬರು ಅಧ್ಯಯನ ಮಾಡಿ, ಅಂಥ 26 ಕಂತುಗಳನ್ನು ಮಾಡಿದರೆ ಏನೆಲ್ಲ ಉಳಿದೀತು ಎಂಬ ಆಸೆ ಆಗ ಹುಟ್ಟಿದ್ದು ಇನ್ನೂ ಹೋಗಿಲ್ಲ.

ಸಾರ್ವಜನಿಕ ಪ್ರಸಾರದ ವಿಷಯದಲ್ಲಿ ನಮ್ಮ ಭಾಗ ಹಿಂದುಳಿದದ್ದೇನೂ ಆಗಿರಲಿಲ್ಲ. ಕಲಬುರಗಿಯ ಆಕಾಶವಾಣಿ ಶುರುವಾದದ್ದು 1966ರಲ್ಲಿ. ಅಮೆರಿಕದ ನಾಸಾ ಸಂಸ್ಥೆಯ ಎಟಿಎಸ್-6 ಉಪಗ್ರಹವನ್ನು ಬಳಸಿಕೊಂಡು 1975ರ ಆಗಸ್ಟಿನಿಂದ ಒಂದು ವರ್ಷ ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ತಲುಪಿಸಿದ ಸೈಟ್ ಪ್ರಯೋಗದಲ್ಲಿ ಕರ್ನಾಟಕದಿಂದ ಸೇರಿದ್ದು ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. 1977ರಲ್ಲಿ ಗುಲ್ಬರ್ಗಾದಲ್ಲಿ ದೂರದರ್ಶನ ಕೇಂದ್ರವೂ ಬಂತು. ಬೆಂಗಳೂರಿಗೆ ಅದು ಬಂದದ್ದು 1981ರಲ್ಲಿ. ಆದರೆ ಸೈಟ್ ಪ್ರಯೋಗದ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ. ನೋಡುವ ಭಾಗ್ಯ ನಮಗೆ ಬೇಗ ಬಂತು, ಏನನ್ನು ತೋರಿಸಬೇಕೆಂದು ತೀರ್ಮಾನಿಸುವ ಕುರ್ಚಿ ಬೇರೆ ಊರಿನಲ್ಲಿತ್ತು. ‘ಬ್ಲ್ಯಾಕ್ ಜರ್ನಲ್’ನ ಸಿಬ್ಬಂದಿ ಹೊರನಡೆದ ಕಥೆಯನ್ನು ಓದಿದಾಗ ನನಗೆ ತಕ್ಷಣ ನೆನಪಾದದ್ದು ಇದೇ.

ಕಪ್ಪು ಜನರ ಚರಿತ್ರೆಯೇ ನಮ್ಮ ಊರಿನ ನೆಲದಲ್ಲಿದೆ ಎಂಬುದನ್ನು ಇಲ್ಲಿಯೇ ಹೇಳಬೇಕು. ಬೀದರ್ ನಗರದ ಅಂಚಿನ ದಿಬ್ಬದ ಮೇಲಿರುವ ಹಬ್ಸಿಕೋಟದಲ್ಲಿ ಆಫ್ರಿಕದ ಅಬಿಸೀನಿಯ ಮೂಲದ ಸರದಾರರ ಗೋರಿಗಳಿವೆ. ಹಬ್ಸಿಗಳೆಂದು ಕರೆಸಿಕೊಂಡ ಇವರು ಬಹಮನಿ ದರ್ಬಾರಿನಲ್ಲಿ ಸೈನಿಕರಾಗಿ, ಸರದಾರರಾಗಿ, ದಖನಿಗಳ ಪಕ್ಷದಲ್ಲಿ ನಿಂತು ಪರದೇಶಿ ಅಮೀರರ ಜೊತೆ ಸೆಣಸಿದ ದೊಡ್ಡ ಶಕ್ತಿಯಾಗಿದ್ದರು. ಹದಿನೈದನೆಯ ಶತಮಾನದ ಕೊನೆಯ ಹೊತ್ತಿಗೆ ಗುಲ್ಬರ್ಗಾ ಸೀಮೆಯನ್ನು ಆಳುತ್ತಿದ್ದ ದಸ್ತೂರ್ ದಿನಾರ್ ಹಬ್ಸಿಯೇ. ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾಗಿ ದಖನಿಗೆ ಬಂದು, ಅಹಮದ್‌ನಗರದ ಆಡಳಿತವನ್ನೇ ಹಿಡಿದು, ಮೊಘಲ್ ಸೈನ್ಯಗಳನ್ನು ವರ್ಷಗಟ್ಟಲೆ ತಡೆದ ಮಲಿಕ್ ಅಂಬರ್ 1626ರಲ್ಲಿ ತೀರಿಕೊಂಡವನು. ಒಮ್ಮೆ ವಿದ್ಯಾರ್ಥಿಗಳನ್ನು ಹಬ್ಸಿಕೋಟಕ್ಕೆ ಕರೆದೊಯ್ದು ಇದನ್ನೆಲ್ಲ ಹೇಳುತ್ತಿದ್ದಾಗ ಔರಾದಿನ ಹುಡುಗಿಯೊಬ್ಬಳು, “ಮೇಡಂ, ಇವರು ನಮ್ಮ ಊರಾಗೇ ಇದ್ದರೇನ್ರಿ? ಮತ್ತ ನಮಗ ಯಾರೂ ಯಾಕ ಹೇಳಿಲ್ಲರಿ?” ಎಂದು ಕೇಳಿದಳು. ವುಡ್ಸನ್ ತಮ್ಮ ಬದುಕನ್ನೇ ಮುಡಿಪಾಗಿಟ್ಟದ್ದು ಅಮೆರಿಕದ ಮಕ್ಕಳ ಬಾಯಲ್ಲಿ ಬರುತ್ತಿದ್ದ ಇದೇ ಪ್ರಶ್ನೆಗೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಕನ್ನಡ, ಕೊಂಕಣಿ ಆಡುತ್ತ ಬದುಕುತ್ತಿರುವ, ಆಫ್ರಿಕ ಮೂಲದವರೇ ಆದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ, ಆ ಸಮುದಾಯದ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ಬಂದದ್ದು 2020ರಲ್ಲಿ. ಅವರನ್ನು ಕನ್ನಡಿಗರು ದೂರದರ್ಶನದಲ್ಲಿ ಕಂಡದ್ದು ಹೆಚ್ಚಾಗಿ ಕುಣಿತದ ತಂಡವಾಗಿ ಎಂಬುದು ನನಗೆ ನೋವಿನ ವಿಷಯ.

ಆಕಾಶವಾಣಿಯ ಭಂಡಾರದಲ್ಲಿಯೂ ಕಪ್ಪು ಅಮೆರಿಕದ ಒಂದು ಅಮೂಲ್ಯ ಧ್ವನಿಯಿದೆ. 1959ರಲ್ಲಿ ಸುಮಾರು ಒಂದು ತಿಂಗಳು ಭಾರತದಲ್ಲಿ ತಿರುಗಾಡಿದ ಮಾರ್ಟಿನ್ ಲೂಥರ್ ಕಿಂಗ್, ಹೊರಡುವ ಮೊದಲು ದೆಹಲಿಯಲ್ಲಿ ಆಕಾಶವಾಣಿಗಾಗಿ ಒಂದು ಸಂದೇಶವನ್ನು ಓದಿದರು. ನ್ಯಾಯಕ್ಕಾಗಿ ಹೋರಾಡುವ ದಮನಿತರ ಕೈಯಲ್ಲಿ ಅಹಿಂಸೆಯ ಪ್ರತಿರೋಧಕ್ಕಿಂತ ಬಲವಾದ ಅಸ್ತ್ರವಿಲ್ಲವೆಂಬ ತಮ್ಮ ನಂಬಿಕೆ ಈ ದೇಶಕ್ಕೆ ಬಂದ ಮೇಲೆ ಇನ್ನೂ ಗಟ್ಟಿಯಾಯಿತೆಂದು ಅದರಲ್ಲಿ ಹೇಳಿದ್ದರು. ಐವತ್ತು ವರ್ಷಗಳ ನಂತರ, 2009ರಲ್ಲಿ, ಆ ಧ್ವನಿಮುದ್ರಣ ಭಂಡಾರದಿಂದ ಹೊರಬಂದು ಅಮೆರಿಕದ ಸಾರ್ವಜನಿಕ ರೇಡಿಯೊದಲ್ಲಿಯೂ ಕೇಳಿಸಿತು. ಯಾರೋ ಒಬ್ಬ ನೌಕರ ಅಂದು ಆ ಟೇಪನ್ನು ಅಳಿಸಿ ಬೇರೆ ಕಾರ್ಯಕ್ರಮಕ್ಕೆ ಬಳಸಿದ್ದರೆ? ಅದಕ್ಕೂ ಮೊದಲೇ, 1946ರಲ್ಲಿ, ಅಂಬೇಡ್ಕರ್ ಅವರು ಕಪ್ಪು ಚಿಂತಕ ಡುಬಾಯ್ಸ್ ಅವರಿಗೆ ಪತ್ರ ಬರೆದು, ಕಪ್ಪು ಜನರು ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿಯನ್ನು ಕೇಳಿದ್ದರು. ಎರಡೂ ಕಡೆಯ ಜನ ಒಬ್ಬರನ್ನೊಬ್ಬರು ಗಮನಿಸುತ್ತಲೇ ಇದ್ದರು.

ಕುರ್ಚಿ ಕೈಗೆ ಬಂದರೆ ಏನಾಗುತ್ತದೆಂಬುದಕ್ಕೆ ಉದಾಹರಣೆ ನಮಗೆ ಬಹಳ ದೂರದಲ್ಲಿಲ್ಲ. ಬೀದರಿನಿಂದ ಜಹೀರಾಬಾದ್ ದಾರಿ ಹಿಡಿದರೆ ಸಿಗುವ ತೆಲಂಗಾಣದ ಮಾಚನೂರಿನಲ್ಲಿ 2008ರಿಂದ ಸಂಘಂ ರೇಡಿಯೊ ಎಂಬ ಸಮುದಾಯ ಬಾನುಲಿ ಕೇಂದ್ರವನ್ನು ದಲಿತ ಹೆಣ್ಣುಮಕ್ಕಳು ನಡೆಸುತ್ತಿದ್ದಾರೆ. ಹೊಲದ ಕೆಲಸ ಮಾಡಿಕೊಂಡೇ ಬೆಳೆದ ಅವರು ತಮ್ಮ ಬೀಜ, ತಮ್ಮ ಹಾಡು, ತಮ್ಮ ಊಟದ ವಿಷಯವನ್ನು ತಮ್ಮ ಸೀಮೆಯ ತೆಲುಗಿನಲ್ಲೇ ಬಿತ್ತರಿಸುತ್ತಾರೆ. ಧ್ವನಿಮುದ್ರಣ ಯಂತ್ರದ ಗುಂಡಿ ಒತ್ತುವವರೂ ಅವರೇ, ಏನನ್ನು ಇಟ್ಟುಕೊಳ್ಳಬೇಕೆಂದು ನಿರ್ಧರಿಸುವವರೂ ಅವರೇ.

ಅಮೆರಿಕದಲ್ಲಿ ಈ ವ್ಯವಸ್ಥೆ ಈಗ ಸಂಕಟದಲ್ಲಿದೆ. 2025ರ ಜುಲೈನಲ್ಲಿ ಅಲ್ಲಿನ ಸಂಸತ್ತಾದ ಕಾಂಗ್ರೆಸ್, ಸಾರ್ವಜನಿಕ ಪ್ರಸಾರಕ್ಕೆ ಎರಡು ವರ್ಷಗಳಿಗೆಂದು ಕೊಟ್ಟಿದ್ದ 110 ಕೋಟಿ ಡಾಲರ್ ಅನುದಾನವನ್ನು ವಾಪಸ್ ಪಡೆಯಿತು. 1967ರ ಕಾಯ್ದೆಯಿಂದ ಹುಟ್ಟಿದ ನಿಗಮ ಆಗಸ್ಟಿನಲ್ಲಿ ಬಾಗಿಲು ಮುಚ್ಚುವ ಪ್ರಕಟಣೆ ಹೊರಡಿಸಿತು. ದೊಡ್ಡ ನಗರಗಳ ಕೇಂದ್ರಗಳು ಶ್ರೋತೃಗಳ ದೇಣಿಗೆಯಿಂದ ಉಸಿರಾಡಬಹುದು. ಪೆಟ್ಟು ಹೆಚ್ಚು ಬೀಳುವುದು ಬಡ ಊರುಗಳ, ಸಣ್ಣ ಸಮುದಾಯಗಳ ಕೇಂದ್ರಗಳಿಗೆ. ಆ ಸುದ್ದಿ ಓದಿದ ದಿನ ನನಗೆ ಬಹಳ ಬೇಸರವಾಯಿತು. ಜೊತೆಗೆ, ನಮ್ಮಲ್ಲಿ ಕೇಂದ್ರವೂ ಗೋಪುರವೂ ಇನ್ನೂ ನಿಂತಿರುವಾಗಲೇ ಆಗಬೇಕಾದ ಕೆಲಸಗಳ ಬಗ್ಗೆ ಆತುರವೂ ಹುಟ್ಟಿತು.

ಕಲಬುರಗಿ ಆಕಾಶವಾಣಿ ಹದಿಮೂರು ಕಂತುಗಳ ಒಂದು ಸರಣಿಯನ್ನು ಮಾಡಬೇಕೆಂಬುದು ನನ್ನ ಕೋರಿಕೆ. ಹಬ್ಸಿಕೋಟದಿಂದ ಆರಂಭಿಸಿ, ದಸ್ತೂರ್ ದಿನಾರ್ ಮತ್ತು ಮಲಿಕ್ ಅಂಬರ್ ಮೂಲಕ ಸಾಗಿ, ಯಲ್ಲಾಪುರದ ಸಿದ್ದಿ ಮನೆಗಳವರೆಗೆ ಅದು ಬರಲಿ. ಕಿಂಗ್‌ರ ಸಂದೇಶಕ್ಕೂ ಅಂಬೇಡ್ಕರ್‌ ಅವರ ಪತ್ರಕ್ಕೂ ಒಂದೊಂದು ಕಂತು ಸಿಗಲಿ. ಸಿದ್ದಿಗಳ ಕಂತುಗಳನ್ನು ಓದು ಮುಗಿಸಿರುವ ಸಿದ್ದಿ ಯುವಕ ಯುವತಿಯರೇ ಬರೆದು, ನಿರೂಪಿಸಿ, ಸಂಕಲನ ಮಾಡಲಿ, ಅದಕ್ಕೆ ತಕ್ಕ ಸಂಭಾವನೆಯೂ ಅವರಿಗೆ ಸಿಗಲಿ. ಮುದ್ರಿಸಿಕೊಂಡ ಪ್ರತಿ ಸಂದರ್ಶನದ ಪೂರ್ಣ ಪ್ರತಿ, ಕತ್ತರಿಸಿದ ಭಾಗವೂ ಸೇರಿ, ಹೇಳಿದವರ ಹೆಸರು, ಊರು, ದಿನಾಂಕದೊಂದಿಗೆ ಗುಲ್ಬರ್ಗಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲೂ ಹೇಳಿದವರ ಮನೆಯಲ್ಲೂ ಇರುವಂತಾಗಲಿ. ಬಳಕೆಯ ಹಕ್ಕಿನ ಪತ್ರಕ್ಕೆ ಅವಧಿಯ ಮಿತಿ ಹಾಕದೆ ಮೊದಲ ದಿನವೇ ಸಹಿಯಾಗಲಿ. ಈ ಕೋರಿಕೆಯನ್ನು ಬರಹರೂಪದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಕಲಬುರಗಿ, ಬೀದರ್, ಯಾದಗಿರಿಯ ಇತಿಹಾಸ ಮತ್ತು ಕನ್ನಡ ಅಧ್ಯಾಪಕರಲ್ಲಿ ಸಹಿ ಹಾಕುವ ಮನಸ್ಸುಳ್ಳವರು, ತಮ್ಮ ಊರಿನಲ್ಲಿ ಹಬ್ಸಿಗಳ ಗೋರಿ, ಬಾವಿ, ಮಸೀದಿ, ಕಥೆ ಏನಿದ್ದರೂ ಅದರ ವಿವರವನ್ನೂ ಜೊತೆಗೆ ಬರೆದು ಕಳಿಸಬೇಕೆಂದು ಕೇಳಿಕೊಳ್ಳುತ್ತೇನೆ.